ಬೆಳಗಿನ ಜಾವ ನಾಲ್ಕು ಗಂಟೆಯ ಟಿಪ್ಪಣಿ

1991ರ ಮಳೆಗಾಲ. ಕರ್ನಾಟಕದ ಒಂದು ಜಿಲ್ಲಾ ಕೇಂದ್ರದ ಆಸ್ಪತ್ರೆಯಲ್ಲಿ ನಾನು ಹೌಸ್ ಸರ್ಜನ್ ಆಗಿದ್ದೆ. ರಾತ್ರಿ ಡ್ಯೂಟಿ. ಬೆಳಗಿನ ಜಾವ ನಾಲ್ಕರ ಹೊತ್ತಿಗೆ ಸಿಸ್ಟರ್ ಬಂದು ಎಬ್ಬಿಸಿದರು. ಹೊಟ್ಟೆನೋವೆಂದು ಹಿಂದಿನ ಸಂಜೆ ಗಂಡಸರ ವಾರ್ಡಿಗೆ ದಾಖಲಾಗಿದ್ದ ಐವತ್ತರ ಆಸುಪಾಸಿನ ರೈತರೊಬ್ಬರಿಗೆ ನೋವು ಹೆಚ್ಚಾಗಿತ್ತು. ಹೋಗಿ ನಾಡಿ ನೋಡಿದೆ, ಬಿ.ಪಿ. ನೋಡಿದೆ, ಹೊಟ್ಟೆ ಒತ್ತಿ ನೋಡಿದೆ, ಡ್ರಿಪ್ ಜೋರು ಮಾಡಲು ಹೇಳಿದೆ. ಕೇಸ್ ಶೀಟಿನಲ್ಲಿ ಬರೆಯಬೇಕು ಎನ್ನುವಷ್ಟರಲ್ಲಿ ಕ್ಯಾಶುವಾಲಿಟಿಯಿಂದ ಕರೆ ಬಂತು. ಲಾರಿ ಅಪಘಾತ, ಮೂವರು ಗಾಯಾಳುಗಳು. ಓಡಿದೆ. ಮರಳಿ ವಾರ್ಡಿಗೆ ಬಂದಾಗ ಎಂಟು ಗಂಟೆ ದಾಟಿತ್ತು. ಆರೂವರೆಗೇ ಆ ರೈತರು ತೀರಿಕೊಂಡಿದ್ದರು.

ನಮ್ಮ ಹಿರಿಯ ವೈದ್ಯರು ಕೇಸ್ ಶೀಟ್ ತಿರುವುತ್ತ ನಿಂತಿದ್ದರು. “ರಾತ್ರಿ ನೀವು ನೋಡಿದ್ರಾ?” ಎಂದರು. “ನೋಡಿದ್ದೆ ಸರ್, ನಾಲ್ಕು ಗಂಟೆಗೆ. ಬರೆಯೋಕೆ ಆಗ್ಲಿಲ್ಲ.” “ನೋಡಿದ್ದೀರಲ್ಲ, ಸರಿ. ನಾಲ್ಕು ಗಂಟೆ ಅಂತ ಹಾಕಿ ಬರೀರಿ.” ಪೆನ್ನು ಅವರೇ ಕೊಟ್ಟರು. ನಾಡಿ 92, ಬಿ.ಪಿ. 110/70, ಹೊಟ್ಟೆ ಮೆತ್ತಗಿದೆ ಎಂದು ಬರೆದು, ಮೇಲೆ ‘4.00’ ಎಂದು ಹಾಕಿ ಸಹಿ ಮಾಡಿದೆ.

ಅರ್ಧ ಗಂಟೆಯಲ್ಲಿ ತೀರಿಕೊಂಡವರ ಹೆಂಡತಿ, ತಮ್ಮ ಬಂದರು. ರಾತ್ರಿಯೆಲ್ಲ ವಾರ್ಡಿನ ಹೊರಗೆ ವರಾಂಡದಲ್ಲಿ ಮಲಗಿದ್ದವರು. “ರಾತ್ರಿ ಯಾರೂ ನೋಡಕ್ಕೆ ಬರ್ಲಿಲ್ವಾ ಸ್ವಾಮಿ?” ಎಂದು ಆ ತಾಯಿ ಕೇಳಿದರು. ಹಿರಿಯರು ಹಾಳೆ ತೋರಿಸಿದರು. “ನೋಡಮ್ಮ, ನಾಲ್ಕು ಗಂಟೆಗೆ ಡಾಕ್ಟ್ರು ನೋಡಿದ್ದಾರೆ. ಇಲ್ಲಿ ಬರೆದಿದೆ.” ಇಂಗ್ಲಿಷ್ ಬಾರದ ಆ ತಮ್ಮ ಹಾಳೆಯನ್ನು ಸ್ವಲ್ಪ ಹೊತ್ತು ನೋಡಿ, ಕೈಮುಗಿದು ಹೊರಟುಹೋದರು. ಬರೆದದ್ದಕ್ಕೆ ಎಂಥ ಬಲವಿದೆ ಎಂದು ನನಗೆ ಮೊದಲ ಸಲ ತಿಳಿದದ್ದು ಅಂದು.

ಇಂಗ್ಲೆಂಡಿಗೆ ಬಂದು ಮೂರು ದಶಕ ಕಳೆದಿದೆ. ಮ್ಯಾಂಚೆಸ್ಟರಿಗೆ ಹತ್ತಿರದ ಒಂದು ಊರಿನಲ್ಲಿ ಕುಟುಂಬ ವೈದ್ಯನಾಗಿ ದಿನಕ್ಕೆ ಮೂವತ್ತು ಜನರ ಬಗ್ಗೆ ಬರೆಯುತ್ತೇನೆ. ವೈದ್ಯರು ಬರೆಯುವುದನ್ನು ಯಾವಾಗ ಕಲಿತರು, ಅದನ್ನು ನ್ಯಾಯಾಲಯ ಏಕೆ ನಂಬುತ್ತದೆ ಎಂಬ ಕುತೂಹಲ ಆ ಹಾಳೆಯಿಂದಲೇ ಹುಟ್ಟಿತು.

ಹಳೆಯ ದಾಖಲೆ ಗ್ರೀಕರದು. ಹಿಪೋಕ್ರಟಿಸನ ಹೆಸರಿನಲ್ಲಿ ಬಂದಿರುವ ‘ಎಪಿಡೆಮಿಕ್ಸ್’ ಎಂಬ ಗ್ರಂಥದ ಒಂದನೆಯ ಮತ್ತು ಮೂರನೆಯ ಭಾಗಗಳಲ್ಲಿ 42 ರೋಗಿಗಳ ವಿವರಗಳಿವೆ. ಮೊದಲ ದಿನ ಜ್ವರ, ಮೂರನೆಯ ದಿನ ಬೆವರು, ಆರನೆಯ ದಿನ ಕನವರಿಕೆ, ಹೀಗೆ ದಿನದಿನದ ಲೆಕ್ಕ. ಆ 42 ಮಂದಿಯಲ್ಲಿ 25 ಮಂದಿ ಸತ್ತರು. ಅದನ್ನೂ ಮುಚ್ಚಿಡದೆ ಬರೆದಿದ್ದಾರೆ. ಗೆದ್ದದ್ದನ್ನು ಮಾತ್ರ ಬರೆದಿದ್ದರೆ ಅದು ಜಾಹೀರಾತಾಗುತ್ತಿತ್ತು. ಸೋತದ್ದನ್ನೂ ಬರೆದದ್ದರಿಂದ ಎರಡು ಸಾವಿರ ವರ್ಷಗಳ ನಂತರವೂ ಅದನ್ನು ದಾಖಲೆ ಎನ್ನುತ್ತೇವೆ.

ನನಗೆ ಹೆಚ್ಚು ಹತ್ತಿರವೆನಿಸಿದ್ದು ಸೈಮನ್ ಫೋರ್ಮನ್ ಎಂಬ ಲಂಡನ್ನಿನ ವೈದ್ಯ. ವೈದ್ಯ ಎನ್ನುವುದಕ್ಕಿಂತ ಜೋಯಿಸ ಎನ್ನಬೇಕು. ರೋಗಿ ಬಂದು ಪ್ರಶ್ನೆ ಕೇಳಿದ ಗಳಿಗೆಗೆ ಕುಂಡಲಿ ಹಾಕಿ ರೋಗ ಹೇಳುತ್ತಿದ್ದ. ನಮ್ಮೂರಿನ ಪ್ರಶ್ನಶಾಸ್ತ್ರವೇ. ಅವನೂ ಅವನ ಶಿಷ್ಯ ರಿಚರ್ಡ್ ನೇಪಿಯರ್ ಎಂಬ ಪಾದ್ರಿಯೂ 1596ರಿಂದ 1634ರವರೆಗೆ ಬರೆದಿಟ್ಟ ಸುಮಾರು 80,000 ಪ್ರಕರಣಗಳು ಆಕ್ಸ್‌ಫರ್ಡಿನ ಬಾಡ್ಲಿಯನ್ ಗ್ರಂಥಾಲಯದಲ್ಲಿ ಉಳಿದಿವೆ. ರೋಗಿಯ ಹೆಸರು, ವಯಸ್ಸು, ಕೇಳಿದ ಪ್ರಶ್ನೆ, ತಾರೀಖು, ಹೊತ್ತು. ಗಳಿಗೆ ತಪ್ಪಿದರೆ ಕುಂಡಲಿ ತಪ್ಪುತ್ತದೆ, ಕುಂಡಲಿ ತಪ್ಪಿದರೆ ಎಲ್ಲವೂ ತಪ್ಪುತ್ತದೆ. ಆದ್ದರಿಂದ ಹೊತ್ತನ್ನು ಬರೆಯದೆ ಅವನು ಮುಂದೆ ಹೋಗುತ್ತಲೇ ಇರಲಿಲ್ಲ. ಅವನ ಗ್ರಹಗಳನ್ನು ಇಂದು ಯಾವ ವೈದ್ಯರೂ ನಂಬುವುದಿಲ್ಲ. ಆದರೆ ಎಂ.ಬಿ.ಬಿ.ಎಸ್. ಮುಗಿಸಿದ್ದ ನಾನು ಸುಲಭವಾಗಿ ಬದಲಾಯಿಸಿದ ಒಂದು ಸಂಗತಿಯನ್ನು ಆ ಜೋಯಿಸ ಬದಲಾಯಿಸುವಂತಿರಲಿಲ್ಲ.

ಇಪ್ಪತ್ತನೆಯ ಶತಮಾನದ ಆರಂಭದವರೆಗೂ ಎಷ್ಟೋ ಕಡೆ ದಾಖಲೆ ರೋಗಿಯದಾಗಿರಲಿಲ್ಲ, ವೈದ್ಯರದಾಗಿತ್ತು. ಒಬ್ಬೊಬ್ಬ ವೈದ್ಯರು ತಮ್ಮ ತಮ್ಮ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ಅಮೆರಿಕದ ಮೇಯೋ ಕ್ಲಿನಿಕ್ಕಿನಲ್ಲಿ ಹೆನ್ರಿ ಪ್ಲಮ್ಮರ್ ಎಂಬ ವೈದ್ಯರು 1907ರಲ್ಲಿ ಒಬ್ಬ ರೋಗಿಗೆ ಒಂದು ಸಂಖ್ಯೆ, ಒಂದೇ ಕಡತ ಎಂಬ ಪದ್ಧತಿ ತಂದರು. ಯಾವ ವೈದ್ಯರ ಬಳಿ ಹೋದರೂ ಕಡತ ರೋಗಿಯ ಹಿಂದೆಯೇ ಹೋಗುತ್ತಿತ್ತು. ಬ್ರಿಟನ್ನಿನಲ್ಲಿ 1911ರ ರಾಷ್ಟ್ರೀಯ ವಿಮಾ ಕಾಯಿದೆಯ ನಂತರ ರೋಗಿಯ ಟಿಪ್ಪಣಿಗಳನ್ನು ಇಡುವ ಸಣ್ಣ ಲಕೋಟೆ ಬಳಕೆಗೆ ಬಂತು. ಕಾಯಿದೆ ತಂದ ಮಂತ್ರಿಯ ಹೆಸರಿನಿಂದ ಇಂದಿಗೂ ಅದಕ್ಕೆ ಲಾಯ್ಡ್ ಜಾರ್ಜ್ ಲಕೋಟೆ ಎನ್ನುತ್ತಾರೆ. ನಾನು ಇಲ್ಲಿಗೆ ಬಂದಾಗ ಕ್ಲಿನಿಕ್ಕಿನ ಗೋಡೆಗಳ ತುಂಬ ಅವೇ ಇದ್ದವು. ಬಾಲ್ಯದ ದಡಾರದಿಂದ ಮುಪ್ಪಿನ ಮಧುಮೇಹದವರೆಗೆ ಒಂದು ಇಡೀ ಬದುಕು ಆ ಪುಟ್ಟ ಲಕೋಟೆಯೊಳಗೆ ಮಡಚಿ ಕೂತಿರುತ್ತಿತ್ತು.

ಏನು ಬರೆಯಬೇಕು ಎನ್ನುವುದಕ್ಕೆ ಶಿಸ್ತು ತಂದವರು ಅಮೆರಿಕದ ಡಾ. ಲಾರೆನ್ಸ್ ವೀಡ್. 1968ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಅವರ ಪ್ರಸಿದ್ಧ ಲೇಖನ ಬಂತು. ರೋಗಿ ಹೇಳಿದ್ದು, ವೈದ್ಯರು ಕಂಡದ್ದು, ಅದರಿಂದ ಊಹಿಸಿದ್ದು, ಮುಂದೆ ಮಾಡಬೇಕಾದ್ದು, ಈ ನಾಲ್ಕನ್ನೂ ಬೇರೆ ಬೇರೆಯಾಗಿ ಬರೆಯಬೇಕೆಂಬುದು ಅವರ ಪದ್ಧತಿ. ಇಂಗ್ಲಿಷಿನ ಮೊದಲ ಅಕ್ಷರಗಳನ್ನು ಸೇರಿಸಿ ಅದಕ್ಕೆ ‘ಸೋಪ್’ ಎನ್ನುತ್ತಾರೆ. ಸಾಬೂನಿನ ಕೆಲಸವನ್ನೇ ಅದೂ ಮಾಡುತ್ತದೆ. ಕಂಡದ್ದರ ಮೇಲೆ ಊಹೆಯ ಕೊಳೆ ಕೂರದಂತೆ ನೋಡಿಕೊಳ್ಳುತ್ತದೆ.

ಇನ್ನು ಕಾನೂನು. ಭಾರತದ ಸಾಕ್ಷ್ಯ ಅಧಿನಿಯಮ 1872ರದು. ಬರೆದವರು ಜೇಮ್ಸ್ ಫಿಟ್ಜ್‌ಜೇಮ್ಸ್ ಸ್ಟೀಫನ್ ಎಂಬ ಇಂಗ್ಲಿಷ್ ನ್ಯಾಯವಾದಿ. ಅದರ 159ನೆಯ ಕಲಮಿನ ಪ್ರಕಾರ ಸಾಕ್ಷಿಯು ಕಟಕಟೆಯಲ್ಲಿ ನಿಂತು ತಾನೇ ಬರೆದ ಟಿಪ್ಪಣಿಯನ್ನು ನೋಡಿ ನೆನಪು ಮಾಡಿಕೊಳ್ಳಬಹುದು. ಆದರೆ ಒಂದು ಷರತ್ತು. ಟಿಪ್ಪಣಿಯನ್ನು ಘಟನೆ ನಡೆದ ಹೊತ್ತಿನಲ್ಲೇ, ಇಲ್ಲವೇ ನೆನಪು ಇನ್ನೂ ಹಸಿಯಾಗಿರುವಾಗಲೇ ಬರೆದಿರಬೇಕು. 2024ರ ಜುಲೈ 1ರಿಂದ ಆ ಅಧಿನಿಯಮದ ಜಾಗಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿದೆ.

ಈ ಷರತ್ತಿನ ಹಿಂದಿನ ತರ್ಕ ಸರಳ. ವೈದ್ಯರು ಸುಳ್ಳು ಹೇಳುವುದಿಲ್ಲ ಎಂದು ನ್ಯಾಯಾಲಯ ದಾಖಲೆಯನ್ನು ನಂಬುವುದಲ್ಲ. ಬರೆಯುವ ಹೊತ್ತಿನಲ್ಲಿ ಮುಂದೇನಾಗುತ್ತದೆಂದು ಬರೆದವರಿಗೂ ತಿಳಿದಿರಲಿಲ್ಲ, ಆದ್ದರಿಂದ ನಂಬುತ್ತದೆ. ರೋಗಿ ಬದುಕುತ್ತಾನೋ ಸಾಯುತ್ತಾನೋ ತಿಳಿಯದೆ ಬರೆದ ನಾಡಿಯ ಲೆಕ್ಕಕ್ಕೆ ತನ್ನನ್ನು ಕಾಪಾಡಿಕೊಳ್ಳುವ ಆಸೆ ಇರುವುದಿಲ್ಲ. ಸತ್ತ ಮೇಲೆ ಬರೆದದ್ದಕ್ಕೆ ಇರುತ್ತದೆ.

ಈ ಪಾಠವನ್ನು ಇಡೀ ಬ್ರಿಟನ್ ಕಲಿತದ್ದು ನಮ್ಮ ಪಕ್ಕದ ಊರಿನಲ್ಲೇ. ಮ್ಯಾಂಚೆಸ್ಟರಿನ ಪೂರ್ವಕ್ಕಿರುವ ಹೈಡ್ ಎಂಬ ಪಟ್ಟಣದಲ್ಲಿ ಹೆರಾಲ್ಡ್ ಶಿಪ್‌ಮನ್ ಜನಪ್ರಿಯ ಕುಟುಂಬ ವೈದ್ಯ. ವಯಸ್ಸಾದವರ ಮನೆಗೇ ಹೋಗಿ ನೋಡುತ್ತಿದ್ದ. ಹಾಗೆ ಹೋಗಿ ಅವರಿಗೆ ಮಾರ್ಫಿನ್ ಮಾದರಿಯ ಮದ್ದು ಚುಚ್ಚಿ ಕೊಲ್ಲುತ್ತಿದ್ದ. 1998ರ ಸೆಪ್ಟೆಂಬರಿನಲ್ಲಿ ಅವನ ಬಂಧನವಾಯಿತು. ದಾಖಲೆ ನೋಡಿದರೆ ಎಲ್ಲವೂ ಸರಿಯಾಗಿಯೇ ಇತ್ತು. ಸತ್ತವರಿಗೆ ತಿಂಗಳುಗಳಿಂದ ಎದೆನೋವಿತ್ತು ಎಂಬಂತೆ ಟಿಪ್ಪಣಿಗಳಿದ್ದವು. ಆದರೆ ಟಿಪ್ಪಣಿಯಲ್ಲಿ ಯಾವ ತಾರೀಖು ಹಾಕಿದರೂ, ಅದನ್ನು ನಿಜವಾಗಿ ಒತ್ತಿದ ದಿನ ಮತ್ತು ಹೊತ್ತನ್ನು ಅವನ ಕಂಪ್ಯೂಟರ್ ಒಳಗೊಳಗೇ ಬರೆದಿಟ್ಟುಕೊಳ್ಳುತ್ತಿತ್ತು. ಅದು ಅವನಿಗೆ ಗೊತ್ತಿರಲಿಲ್ಲ. ಒಬ್ಬ ಮಹಿಳೆಯ ತಿಂಗಳುಗಳ ಹಿಂದಿನ ಎದೆನೋವನ್ನು ಅವನು ಬರೆದದ್ದು ಆಕೆ ಸತ್ತ ದಿನವೇ. 2000ದ ಜನವರಿ 31ರಂದು ಪ್ರೆಸ್ಟನ್ನಿನ ನ್ಯಾಯಾಲಯದಲ್ಲಿ 15 ಕೊಲೆಗಳಿಗಾಗಿ ಅವನಿಗೆ ಜೀವಾವಧಿ ಶಿಕ್ಷೆಯಾಯಿತು. ನ್ಯಾಯಾಧೀಶೆ ಡೇಮ್ ಜಾನೆಟ್ ಸ್ಮಿತ್ ನಡೆಸಿದ ವಿಚಾರಣೆಯ 2002ರ ಮೊದಲ ವರದಿ ಅವನು 215 ಮಂದಿಯನ್ನು ಕೊಂದಿದ್ದನೆಂದು ಹೇಳಿತು.

ತೀರ್ಪು ಬಂದ ಸಂಜೆ ಕ್ಲಿನಿಕ್ಕಿನ ಟೀ ಕೋಣೆಯಲ್ಲಿ ಯಾರೂ ಮಾತಾಡಲಿಲ್ಲ. ನನ್ನ ಸಹೋದ್ಯೋಗಿಗಳೆಲ್ಲ ಆ 15 ಮಂದಿಯ ಬಗ್ಗೆ ಯೋಚಿಸುತ್ತಿದ್ದಿರಬೇಕು. ನನಗೆ ಮಾತ್ರ ಒಂಬತ್ತು ವರ್ಷ ಹಿಂದಿನ ಒಂದು ಹಾಳೆಯ ಮೇಲಿನ ‘4.00’ ಕಣ್ಣಿಗೆ ಕಟ್ಟುತ್ತಿತ್ತು. ಅವನು ಕೊಲೆಗಾರ, ನಾನು ನಿದ್ದೆಗೆಟ್ಟ ಹೌಸ್ ಸರ್ಜನ್. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಆದರೆ ಪೆನ್ನು ಹಿಡಿದು ಇಬ್ಬರೂ ಮಾಡಿದ ಕೆಲಸ ಮಾತ್ರ ಒಂದೇ: ಆಗಬಾರದ್ದು ಆದ ಮೇಲೆ ಕುಳಿತು, ಆಗುವ ಮೊದಲೇ ಬರೆದಂತೆ ಬರೆದದ್ದು.

‘ನಾನು ನಿಜವಾಗಿ ನೋಡಿದ್ದೆನಲ್ಲ’ ಎಂದು ಬಹಳ ದಿನ ಸಮಾಧಾನ ಮಾಡಿಕೊಂಡೆ. ನೋಡಿದ್ದು ನಿಜ. ಆದರೆ ನಾಡಿ 92 ಇತ್ತೇ? ಕ್ಯಾಶುವಾಲಿಟಿಯಲ್ಲಿ ನಾಲ್ಕು ಗಂಟೆ ರಕ್ತದ ನಡುವೆ ನಿಂತು ಬಂದವನಿಗೆ ಆ ಅಂಕೆ ಎಲ್ಲಿಂದ ನೆನಪಿತ್ತು? 112 ಇದ್ದಿದ್ದರೆ ಆಗಲೇ ಹಿರಿಯರನ್ನು ಕರೆಸಬೇಕಿತ್ತು. 92 ಎಂದಾದರೆ ನನ್ನ ತಪ್ಪಿಲ್ಲ. ನೆನಪು ತನಗೆ ಬೇಕಾದ್ದನ್ನು ಆರಿಸಿಕೊಂಡಿತೋ, ಇದ್ದದ್ದನ್ನೇ ಹೇಳಿತೋ, ನನಗೆ ಇಂದಿಗೂ ಗೊತ್ತಿಲ್ಲ. ಆ ಹಾಳೆಯನ್ನು ಓದಿದ ಯಾರಿಗೂ ಅದು ತಿಳಿಯುವಂತಿರಲಿಲ್ಲ.

ಈಗ ನನ್ನ ಬಳಿ ತರಬೇತಿಗೆ ಬರುವ ಯುವ ವೈದ್ಯರಿಗೆ ಮೊದಲ ದಿನವೇ ಇಷ್ಟು ಹೇಳುತ್ತೇನೆ. ನೋಡಿದ ಕೂಡಲೇ ಬರೆಯಿರಿ. ತಾರೀಖು, ಹೊತ್ತು, ಹೆಸರು ಇರಲಿ. ತಪ್ಪಾದರೆ ಒಂದೇ ಗೆರೆ ಎಳೆಯಿರಿ, ಕೆಳಗಿನದು ಓದುವಂತಿರಲಿ, ಪಕ್ಕದಲ್ಲಿ ಸಹಿ ಮಾಡಿ. ನಿನ್ನೆಯ ಟಿಪ್ಪಣಿಯನ್ನು ಇವತ್ತಿಗೆ ನಕಲು ಮಾಡಿ ಅಂಟಿಸಬೇಡಿ. ತಡವಾದರೆ ಬರೆಯದೆ ಬಿಡಬೇಡಿ, ಆದರೆ ಈಗಿನ ಹೊತ್ತನ್ನೇ ಹಾಕಿ, ಆಗ ನಡೆದದ್ದನ್ನು ಈಗ ಬರೆಯುತ್ತಿದ್ದೇನೆ ಎಂದು ಬರೆಯಿರಿ. ತಡವಾದದ್ದು ಅಪರಾಧವಲ್ಲ, ತಡವನ್ನು ಮುಚ್ಚಿಟ್ಟದ್ದು ಅಪರಾಧ.

ಊರಿಗೆ ಹೋದಾಗಲೆಲ್ಲ ಅಮ್ಮನ ಬೀರುವಿನಲ್ಲಿ ಒಂದು ಪ್ಲಾಸ್ಟಿಕ್ ಕವರು ಕಾಯುತ್ತಿರುತ್ತದೆ. ಚೀಟಿ, ಎಕ್ಸ್‌ರೇ, ಸಕ್ಕರೆಯ ರಿಪೋರ್ಟು, ಡಿಸ್ಚಾರ್ಜ್ ಕಾರ್ಡು, ಎಲ್ಲ ಅದರೊಳಗೆ. ಹೊರದೇಶದಲ್ಲಿ ಕೂತು ಅಪ್ಪ ಅಮ್ಮನ ಆರೋಗ್ಯವನ್ನು ಫೋನಿನಲ್ಲಿ ವಿಚಾರಿಸುವ ನಮ್ಮಂಥವರಿಗೆ ಆ ಕವರೇ ಕಣ್ಣು. ಆದರೆ ವಾರ್ಡಿನಲ್ಲಿ ಗಂಟೆಗಂಟೆಗೆ ಬರೆದ ಕೇಸ್ ಶೀಟ್ ಅದರಲ್ಲಿ ಇರುವುದಿಲ್ಲ, ಅದು ಆಸ್ಪತ್ರೆಯಲ್ಲೇ ಉಳಿಯುತ್ತದೆ. ಅದನ್ನು ಕೇಳುವ ಹಕ್ಕು ನಿಮಗಿದೆ. ಹಣ ಪಡೆದು ಮಾಡುವ ಚಿಕಿತ್ಸೆಯೂ ಗ್ರಾಹಕ ಕಾನೂನಿಗೆ ಒಳಪಡುತ್ತದೆಂದು ಸುಪ್ರೀಂ ಕೋರ್ಟ್ 1995ರಲ್ಲಿ ವಿ.ಪಿ. ಶಾಂತಾ ಪ್ರಕರಣದಲ್ಲಿ ಹೇಳಿದ ಮೇಲೆ ದಾಖಲೆಯ ತೂಕ ಹೆಚ್ಚಿತು. ಒಳರೋಗಿಯ ದಾಖಲೆಯನ್ನು ಮೂರು ವರ್ಷ ಕಾಪಾಡಬೇಕು, ರೋಗಿಯೋ ಅಧಿಕೃತ ಬಂಧುವೋ ಕೇಳಿದರೆ 72 ಗಂಟೆಗಳೊಳಗೆ ಕೊಡಬೇಕು ಎಂದು ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಿಯಮಾವಳಿ ವಿಧಿಸಿತು. ಬ್ರಿಟನ್ನಿನಲ್ಲೂ ಕೈಬರಹದ ವೈದ್ಯಕೀಯ ದಾಖಲೆಯನ್ನು ನೋಡುವ ಹಕ್ಕು ಸಾಮಾನ್ಯ ರೋಗಿಗೆ ಕಾನೂನಿನಿಂದ ಸಿಕ್ಕಿದ್ದು 1991ರ ನವೆಂಬರಿನಲ್ಲಿ, ನಾನು ಆ ‘4.00’ ಬರೆದ ವರ್ಷದಲ್ಲೇ. ಜಗಳವಾಡುವುದಕ್ಕಲ್ಲದಿದ್ದರೂ, ನಿಮ್ಮವರ ಕೊನೆಯ ರಾತ್ರಿ ಹೇಗಿತ್ತೆಂದು ತಿಳಿಯುವುದಕ್ಕಾದರೂ ಕೇಳಿ ಪಡೆಯಿರಿ.

ಆ ತಾಯಿ ಕೇಳಲಿಲ್ಲ. ಕೇಳಬಹುದೆಂದು ಅವರಿಗೆ ಹೇಳಿದವರೂ ಯಾರಿಲ್ಲ. ಆ ಕೇಸ್ ಶೀಟ್ ಎಂದೋ ರದ್ದಿಗೆ ಹೋಗಿರುತ್ತದೆ. ಅಂದು ನಾನು ಬರೆಯಬೇಕಿದ್ದದ್ದು ಇಷ್ಟೇ: ‘ಬೆಳಿಗ್ಗೆ 8.20. ರೋಗಿ ತೀರಿಕೊಂಡ ನಂತರ ಬರೆಯುತ್ತಿದ್ದೇನೆ. ಸುಮಾರು ನಾಲ್ಕು ಗಂಟೆಗೆ ನೋಡಿದ್ದೆ. ನಾಡಿ ಎಷ್ಟಿತ್ತೆಂದು ನೆನಪಿಲ್ಲ.’ ಮೂವತ್ತು ವರ್ಷಕ್ಕೂ ಹೆಚ್ಚು ತಡವಾಗಿ, ಇಂದಿನ ತಾರೀಖಿನಲ್ಲೇ, ಅದನ್ನು ಇಲ್ಲಿ ಬರೆದಿದ್ದೇನೆ.