ಗೋಡೆಯಿಲ್ಲದ ಕೋಣೆಗಳು: ಹೃದಯ ಸ್ನಾಯುಕೋಶದಲ್ಲಿ ಸಿ-ಎಎಂಪಿ ಸಂಜ್ಞೆಯ ವಿಂಗಡಣೆ

1979ರಲ್ಲಿ ಬ್ರಂಟನ್, ಹೇಯ್ಸ್ ಮತ್ತು ಮೇಯರ್ ‘ನೇಚರ್’ ಪತ್ರಿಕೆಯಲ್ಲಿ ಒಂದು ಪ್ರಯೋಗವನ್ನು ವರದಿ ಮಾಡಿದರು. ಪ್ರಾಣಿಯ ಹೃದಯವನ್ನು ಹೊರತೆಗೆದು, ಅದರ ರಕ್ತನಾಳಗಳಲ್ಲಿ ಪೋಷಕ ದ್ರಾವಣ ಹರಿಸಿ, ಬಡಿಯುತ್ತಿರುವಾಗಲೇ ಅದಕ್ಕೆ ಒಮ್ಮೆ ಅಡ್ರಿನಲಿನ್‌ನಂತೆ ವರ್ತಿಸುವ ಐಸೋಪ್ರೊಟೆರೆನಾಲ್, ಇನ್ನೊಮ್ಮೆ ಪ್ರೊಸ್ಟಾಗ್ಲಾಂಡಿನ್ ಇ-1 ಕೊಟ್ಟಿದ್ದರು. ಎರಡೂ ಸಂದರ್ಭಗಳಲ್ಲಿ ಕೋಶದೊಳಗೆ ಸಿ-ಎಎಂಪಿ ಎಂಬ ಸಂದೇಶವಾಹಕದ ಮಟ್ಟ ಏರಿತು. ಆದರೆ ಸಂಕೋಚನಕ್ಕೆ ಸಂಬಂಧಿಸಿದ ಟ್ರೋಪೋನಿನ್-ಐ ಪ್ರೋಟೀನಿಗೆ ಫಾಸ್ಫೇಟ್ ಸೇರಿದ್ದು ಮೊದಲನೆಯದರಲ್ಲಿ ಮಾತ್ರ. ಗ್ಲೈಕೋಜನ್ ಒಡೆಯುವ ಕಿಣ್ವ ಎಚ್ಚೆತ್ತದ್ದೂ ಅಲ್ಲಿಯೇ. ಪ್ರೊಸ್ಟಾಗ್ಲಾಂಡಿನ್ ಪಡೆದ ಹೃದಯದಲ್ಲಿ ಸಂದೇಶವಾಹಕ ತಯಾರಾಗಿತ್ತು, ಸಂದೇಶ ಮಾತ್ರ ತಲುಪಬೇಕಾದಲ್ಲಿಗೆ ತಲುಪಿರಲಿಲ್ಲ.

ಆ ಹೊತ್ತಿಗೆ ಪಠ್ಯಪುಸ್ತಕಗಳಲ್ಲಿದ್ದ ಚಿತ್ರಕ್ಕೆ ಇದು ಹೊಂದುತ್ತಿರಲಿಲ್ಲ. ಅರ್ಲ್ ಸದರ್ಲೆಂಡ್ ಅವರಿಗೆ 1971ರ ನೊಬೆಲ್ ತಂದುಕೊಟ್ಟ ಕಲ್ಪನೆ ಸರಳವಾಗಿತ್ತು: ಹಾರ್ಮೋನು ಕೋಶದ ಹೊರಗೇ ನಿಲ್ಲುತ್ತದೆ, ಒಳಗೆ ಸಿ-ಎಎಂಪಿ ಎಂಬ ಎರಡನೆಯ ದೂತ ಹುಟ್ಟಿ ಸುದ್ದಿ ಮುಟ್ಟಿಸುತ್ತದೆ. ಈ ದೂತ ಎಬ್ಬಿಸುವ ಪ್ರೋಟೀನ್ ಕೈನೇಸ್-ಎ ಕಿಣ್ವವನ್ನು ಎಡ್ವಿನ್ ಕ್ರೆಬ್ಸ್ ಅವರ ಪ್ರಯೋಗಾಲಯ 1968ರಲ್ಲಿ ಗುರುತಿಸಿತು. ಸಿ-ಎಎಂಪಿ ಚಿಕ್ಕ ಅಣು; ನೀರಿನಲ್ಲಿ ಸಲೀಸಾಗಿ ಹರಡುವಂಥದು. ಹಾಗಿದ್ದರೆ ನೂರಿನ್ನೂರು ಮೈಕ್ರೋಮೀಟರ್ ಉದ್ದದ ಕೋಶವನ್ನು ಅದು ಕೆಲವೇ ಸೆಕೆಂಡುಗಳಲ್ಲಿ ತುಂಬಿಬಿಡಬೇಕು, ಯಾವ ಗ್ರಾಹಕ ಅದನ್ನು ಹುಟ್ಟಿಸಿತು ಎಂಬುದು ಅಳಿಸಿಹೋಗಬೇಕು. ಅಳಿಸಿಹೋಗುವುದಿಲ್ಲ. ದೂತ ಎಷ್ಟಿದೆ ಎಂಬುದಕ್ಕಿಂತ ಎಲ್ಲಿದೆ ಎಂಬುದೇ ಹೃದಯಕೋಶಕ್ಕೆ ಅರ್ಥವಾಗುವ ಭಾಷೆ ಎಂಬುದನ್ನು ಮುಂದಿನ ನಾಲ್ಕು ದಶಕಗಳ ಕೆಲಸ ಹಂತಹಂತವಾಗಿ ತೋರಿಸಿಕೊಟ್ಟಿದೆ ಎಂಬುದು ಈ ಲೇಖನದ ವಾದ.

ಈ ಹಾದಿಯಲ್ಲಿ ನನಗೆ ಅತ್ಯಂತ ಸುಂದರವೆನಿಸುವ ಪ್ರಯೋಗ 1996ರಲ್ಲಿ ಯುರೆವಿಚಸ್ ಮತ್ತು ಫಿಶ್‌ಮೈಸ್ಟರ್ ಮಾಡಿದ್ದು. ಕಪ್ಪೆಯ ಹೃತ್ಕುಕ್ಷಿಯ ಕೋಶ ತೆಳ್ಳಗೆ, ಉದ್ದಕ್ಕೆ ಇರುತ್ತದೆ. ಅಂಥ ಒಂದೇ ಕೋಶದ ಎರಡು ಅರ್ಧಗಳಿಗೆ ಎರಡು ಬೇರೆ ದ್ರಾವಣಗಳು ತಾಗುವಂತೆ ಅದನ್ನು ಹಿಡಿದಿಟ್ಟು, ಕ್ಯಾಲ್ಸಿಯಂ ಚಾನೆಲ್‌ಗಳ ವಿದ್ಯುತ್ ಪ್ರವಾಹವನ್ನು ಅಳೆದರು. ಸಿ-ಎಎಂಪಿ ತಯಾರಿಸುವ ಕಿಣ್ವವನ್ನು ನೇರವಾಗಿ ಎಬ್ಬಿಸುವ ಫಾರ್ಸ್ಕೋಲಿನ್ ಅನ್ನು ಒಂದು ಅರ್ಧಕ್ಕೆ ಹಾಕಿದಾಗ ಇನ್ನೊಂದು ಅರ್ಧದ ಚಾನೆಲ್‌ಗಳೂ ಚುರುಕಾದವು. ಅಂದರೆ ಸಿ-ಎಎಂಪಿ ಹೇರಳವಾಗಿ ಹುಟ್ಟಿದರೆ ಆ ತುದಿಯವರೆಗೂ ಹೋಗಬಲ್ಲದು. ಅದೇ ಅರ್ಧಕ್ಕೆ ಐಸೋಪ್ರೊಟೆರೆನಾಲ್ ಹಾಕಿದಾಗ ಪರಿಣಾಮ ಬಹುಮಟ್ಟಿಗೆ ಅಲ್ಲಿಯೇ ನಿಂತಿತು. ಸಿ-ಎಎಂಪಿಯನ್ನು ಒಡೆಯುವ ಫಾಸ್ಫೋಡಯೆಸ್ಟರೇಸ್ ಕಿಣ್ವಗಳನ್ನು ತಡೆದ ಮೇಲೆ ಐಸೋಪ್ರೊಟೆರೆನಾಲ್‌ನ ಪ್ರಭಾವವೂ ಆಚೆ ದಾಟಿತು. ಎರಡು ಅರ್ಧಗಳ ನಡುವೆ ಪೊರೆಯಿರಲಿಲ್ಲ, ಗೋಡೆಯಿರಲಿಲ್ಲ. ದೂತನನ್ನು ದಾರಿಯಲ್ಲೇ ಇಲ್ಲವಾಗಿಸುವ ಕಿಣ್ವವೇ ಗಡಿಯಾಗಿತ್ತು.

ಮರಳು ಭೂಮಿಗೆ ನೀರು ಕಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಾಲುವೆಯ ಬಾಯಿ ಬಿಟ್ಟರೂ ತುದಿಯ ಮಡಿಗೆ ನೀರು ಮುಟ್ಟುವುದಿಲ್ಲ. ನಡುವೆ ಬದು ಇದೆಯೆಂದಲ್ಲ, ದಾರಿಯುದ್ದಕ್ಕೂ ನೆಲ ಕುಡಿಯುತ್ತದೆ. ನೀರು ಜಾಸ್ತಿ ಬಿಟ್ಟರೆ ಮುಟ್ಟುತ್ತದೆ. ಈ ಕಾರಣಕ್ಕೇ ‘ಕೋಣೆ’ ಎಂಬ ರೂಢಿಯ ಮಾತನ್ನು ಎಚ್ಚರದಿಂದ ಬಳಸಬೇಕು ಎನ್ನುತ್ತೇನೆ. ಕೋಣೆ ಎಂದೊಡನೆ ಮನಸ್ಸು ಗೋಡೆ ಹುಡುಕುತ್ತದೆ. ಇಲ್ಲಿರುವುದು ಹುಟ್ಟು ಮತ್ತು ನಾಶಗಳ ನಡುವಿನ ಸಮತೋಲ. ಆ ಸಮತೋಲ ಕದಲಿದರೆ ಕೋಣೆಯೂ ಕರಗುತ್ತದೆ.

ಇದನ್ನು ಕಣ್ಣಾರೆ ತೋರಿಸಿದವರು ಮಾನುವೆಲಾ ಝಕ್ಕೊಲೊ ಮತ್ತು ತುಲಿಯೊ ಪೊಝ್ಝಾನ್. 2002ರ ‘ಸೈನ್ಸ್’ ಲೇಖನಕ್ಕಾಗಿ ಅವರು ಕೈನೇಸ್-ಎ ಕಿಣ್ವದ ಎರಡು ಭಾಗಗಳಿಗೆ ಬೇರೆ ಬೇರೆ ಬಣ್ಣದಲ್ಲಿ ಹೊಳೆಯುವ ಪ್ರೋಟೀನುಗಳನ್ನು ಜೋಡಿಸಿದ್ದರು. ಸಿ-ಎಎಂಪಿ ತಾಗಿದಾಗ ಎರಡು ಭಾಗಗಳು ಬೇರ್ಪಟ್ಟು ಹೊಳಪಿನ ಅನುಪಾತ ಬದಲಾಗುತ್ತದೆ. ನವಜಾತ ಇಲಿಯ ಹೃದಯಕೋಶದಲ್ಲಿ ಸಿ-ಎಎಂಪಿ ಏರಿದ ಜಾಗಗಳು ಸುಮಾರು ಒಂದು ಮೈಕ್ರೋಮೀಟರ್ ಅಗಲದ ಅಡ್ಡಪಟ್ಟಿಗಳಾಗಿ ಕಂಡವು. ಫಾಸ್ಫೋಡಯೆಸ್ಟರೇಸ್ ತಡೆದಾಗ ಪಟ್ಟಿಗಳು ಕಲೆಸಿಹೋದವು. ಇಲ್ಲಿ ಒಂದು ಮಾತು ಸೇರಿಸಲೇಬೇಕು: ಆ ಅಳತೆಯ ಸಾಧನವೇ ಕೈನೇಸ್-ಎ ಆದ್ದರಿಂದ ಅದು ತಾನು ಲಂಗರು ಹಾಕಿದ ಜಾಗಗಳ ಸುದ್ದಿಯನ್ನೇ ಹೆಚ್ಚಾಗಿ ಹೇಳುತ್ತದೆ. ಬೇರೆ ವಿನ್ಯಾಸದ ಸಂವೇದಕಗಳು ಬಂದ ಮೇಲೆಯೂ ಸ್ಥಳೀಯ ವ್ಯತ್ಯಾಸಗಳು ಉಳಿದುಕೊಂಡದ್ದರಿಂದ ತೀರ್ಮಾನ ಗಟ್ಟಿಯಾಯಿತು.

ಒಡೆಯುವ ಕಿಣ್ವವೊಂದೇ ಸಾಕೆ ಎಂಬ ಪ್ರಶ್ನೆ ಬಹುಕಾಲ ಕಾಡಿತು. ಲೆಕ್ಕ ಹಾಕಿದರೆ ಒಂದು ಫಾಸ್ಫೋಡಯೆಸ್ಟರೇಸ್ ಅಣು ಮುಕ್ತವಾಗಿ ಹರಿಯುವ ಸಿ-ಎಎಂಪಿಯನ್ನು ತಡೆಯುವಷ್ಟು ವೇಗವಾಗಿ ಕೆಲಸ ಮಾಡುವುದಿಲ್ಲ. ಹೃದಯಕೋಶದೊಳಗೆ ಸಿ-ಎಎಂಪಿಯ ಹರಿವು ನೀರಿನಲ್ಲಿರುವುದಕ್ಕಿಂತ ಸುಮಾರು ಹತ್ತು ಪಟ್ಟು ನಿಧಾನ ಎಂಬ ಅಳತೆಗಳು 2016ರ ಸುಮಾರಿಗೆ ಬಂದವು. 2020ರಲ್ಲಿ ಮಾರ್ಟಿನ್ ಲೋಸೆ ಅವರ ತಂಡ, ಹೃದಯದ್ದಲ್ಲದ ಪ್ರಯೋಗಶಾಲಾ ಕೋಶಗಳಲ್ಲಿ, ವಿಶ್ರಾಂತಿಯ ವೇಳೆ ಸಿ-ಎಎಂಪಿಯ ಬಹುಪಾಲು ಬಂಧಿತ ಸ್ಥಿತಿಯಲ್ಲೇ ಇರುತ್ತದೆಂದು ತೋರಿಸಿತು. ಮುಕ್ತವಾಗಿ ಓಡಾಡುವುದು ಅಲ್ಪವೇ ಆದ್ದರಿಂದ, ಕಿಣ್ವದ ಸುತ್ತ ಹತ್ತಾರು ನ್ಯಾನೋಮೀಟರ್ ಜಾಗವನ್ನು ಬರಿದಾಗಿಸುವುದು ಸಾಧ್ಯವಾಗುತ್ತದೆ.

ಇದು ದೂತನ ಬದಿಯ ಕಥೆ. ಕೇಳಿಸಿಕೊಳ್ಳುವ ಕೈನೇಸ್-ಎ ಕೂಡ ಅಲೆಯುವುದಿಲ್ಲ. ಲಂಗರು ಪ್ರೋಟೀನುಗಳು ಅದನ್ನು ಗುರಿಯ ಮಗ್ಗುಲಲ್ಲೇ ಕೂರಿಸಿರುತ್ತವೆ. ಇದರ ಮಹತ್ವಕ್ಕೆ ಒಂದು ಕುಟುಂಬರೋಗಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಪ್ರತಿ ಬಡಿತದ ಕೊನೆಯಲ್ಲಿ ಪೊಟ್ಯಾಸಿಯಂ ಹೊರಬಿಟ್ಟು ಕೋಶವನ್ನು ಮತ್ತೆ ಸಜ್ಜುಗೊಳಿಸುವ ಕೆಸಿಎನ್‌ಕ್ಯು-1 ಚಾನೆಲ್‌ಗೆ ‘ಯೋಟಿಯಾವ್’ ಎಂಬ ಲಂಗರು ಪ್ರೋಟೀನ್ ಅಂಟಿಕೊಂಡಿರುತ್ತದೆ. (ಚೀನಾದ ಉದ್ದನೆಯ ಕರಿದ ತಿಂಡಿಯೊಂದರ ಹೆಸರು ಅದು.) ಫಾಸ್ಫೇಟ್ ಸೇರಿಸುವ ಕೈನೇಸನ್ನೂ ತೆಗೆಯುವ ಫಾಸ್ಫಟೇಸನ್ನೂ ಅದು ಒಟ್ಟಿಗೆ ಹಿಡಿದುಕೊಂಡಿರುತ್ತದೆ. ಓಡುವಾಗ, ಹೆದರಿದಾಗ ಬಡಿತ ಜೋರಾದರೆ ಈ ಚಾನೆಲ್ ಕೂಡ ಜೋರಾಗಬೇಕು. ಇಲ್ಲವಾದರೆ ಲಯ ತಪ್ಪುತ್ತದೆ. ಫಿನ್ಲೆಂಡಿನ ಹಲವು ಕುಟುಂಬಗಳಲ್ಲಿ ಈ ಚಾನೆಲ್‌ನ 589ನೇ ಸ್ಥಾನದ ಗ್ಲೈಸಿನ್ ಇರಬೇಕಾದಲ್ಲಿ ಆಸ್ಪಾರ್ಟೇಟ್ ಇದೆ. ಚಾನೆಲ್ ತೆರೆಯುತ್ತದೆ, ಸಿ-ಎಎಂಪಿ ಹುಟ್ಟುತ್ತದೆ, ಕೈನೇಸ್ ಕೂಡ ಸಮರ್ಥವಾಗಿದೆ. ಯೋಟಿಯಾವ್ ಅಂಟುವ ಹಿಡಿಕೆ ಮಾತ್ರ ಕೆಟ್ಟಿದೆ. ಅಷ್ಟಕ್ಕೇ ಚಾನೆಲ್ ಸಿ-ಎಎಂಪಿಗೆ ಕಿವುಡಾಗುತ್ತದೆ ಎಂದು 2002ರಲ್ಲಿ ಮಾರ್ಕ್ಸ್ ಮತ್ತು ಸಂಗಡಿಗರು ತೋರಿಸಿದರು.

ಹೃದಯ ಸೋತಾಗ ಕೆಡುವುದರಲ್ಲಿ ಈ ವಿಂಗಡಣೆ ಸೇರಿದೆ. ಆರೋಗ್ಯವಂತ ಕೋಶದಲ್ಲಿ, ಅಡ್ರಿನಲಿನ್ ಹಿಡಿಯುವ ಬೀಟಾ-2 ಗ್ರಾಹಕಗಳು ಟಿ-ನಾಳಗಳೆಂಬ ಪೊರೆಯ ಆಳವಾದ ಕೊರಕಲುಗಳಲ್ಲಿರುತ್ತವೆ, ಅವುಗಳ ಸಿ-ಎಎಂಪಿ ಅಲ್ಲಲ್ಲೇ ಉಳಿಯುತ್ತದೆ. ನಿಕೊಲಾಯೆವ್, ಗೊರೆಲಿಕ್ ಮತ್ತು ಸಂಗಡಿಗರು 2010ರಲ್ಲಿ ಸೋತ ಹೃದಯದ ಕೋಶಗಳ ಮೇಲ್ಮೈಯನ್ನು ಸೂಕ್ಷ್ಮ ಗಾಜಿನ ಕೊಳವೆಯಿಂದ ತಡವಿ ನೋಡಿದಾಗ, ಆ ಗ್ರಾಹಕಗಳು ಕೊರಕಲು ಬಿಟ್ಟು ದಿಬ್ಬಗಳ ಮೇಲೂ ಸಿಕ್ಕವು. ಅವುಗಳ ಸಂಜ್ಞೆ ಕೋಶದುದ್ದಕ್ಕೂ ಹರಡತೊಡಗಿತ್ತು.

ಔಷಧಿಯ ಚರಿತ್ರೆಯನ್ನು ಈ ಬೆಳಕಿನಲ್ಲಿ ಮತ್ತೆ ಓದಬೇಕು. ಫಾಸ್ಫೋಡಯೆಸ್ಟರೇಸ್-3 ತಡೆಯುವ ಮಿಲ್ರಿನೋನ್ ಹೃದಯದ ಬಲ ಹೆಚ್ಚಿಸುತ್ತದೆ. ಆದರೆ ತೀವ್ರ ಹೃದಯ ವೈಫಲ್ಯದ 1,088 ರೋಗಿಗಳ ಮೇಲೆ ನಡೆದು 1991ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಅದನ್ನು ಮಾತ್ರೆಯಾಗಿ ತೆಗೆದುಕೊಂಡವರಲ್ಲಿ ಸಾವು 28% ಹೆಚ್ಚಿತು. ಆ ಸಾವುಗಳಿಗೆ ಒಂದೇ ಕಾರಣ ಹೇಳುವುದು ದುಡುಕಾದೀತು. ಆದರೂ ಕಿಣ್ವವನ್ನು ಎಲ್ಲ ಜಾಗಗಳಲ್ಲೂ ಒಮ್ಮೆಲೇ ತಡೆದರೆ ಬೇಕಾದ ಸಂಜ್ಞೆಯ ಜೊತೆಗೆ ಬೇಡದ ಸಂಜ್ಞೆಯೂ ಹರಿಯುತ್ತದೆ ಎಂಬುದು ಮೇಲಿನ ಪ್ರಯೋಗಗಳಿಂದ ಸಹಜವಾಗಿ ಹೊರಡುವ ಅನುಮಾನ. ಗ್ಲಾಸ್ಗೋದ ಜಾರ್ಜ್ ಬೇಲಿ ಅವರ ತಂಡ ಹಿಡಿದ ದಾರಿ ಬೇರೆ. ಫಾಸ್ಫೋಡಯೆಸ್ಟರೇಸ್-4ರ ಕೆಲಸವನ್ನು ನಿಲ್ಲಿಸದೆ, ಎಚ್‌ಎಸ್‌ಪಿ-20 ಎಂಬ ರಕ್ಷಕ ಪ್ರೋಟೀನಿನ ಮಗ್ಗುಲಿನಿಂದ ಮಾತ್ರ ಅದನ್ನು ಕದಲಿಸುವ ಪುಟ್ಟ ಪೆಪ್ಟೈಡನ್ನು ಅವರು ರೂಪಿಸಿದರು. ಕಿಣ್ವ ಇದ್ದಷ್ಟೇ ಇತ್ತು, ಕೂತ ಜಾಗ ಬಿಟ್ಟಿತ್ತು. ಒತ್ತಡಕ್ಕೆ ಸಿಕ್ಕ ಹೃದಯಕೋಶಗಳು ಆಗ ಮೊದಲಿನಷ್ಟು ದಪ್ಪವಾಗಲಿಲ್ಲ.