ಕಿಲಾರಿ: ನಮ್ಮ ಸೀಮೆಯ ಬಸವಣ್ಣ

ಜತ್ತ, ಸೋಲಾಪುರ, ವಿಜಯಪುರ ಸೀಮೆಯಲ್ಲಿ ಗುಡಿಯೊಳಗಿನ ನಂದಿಯೊಬ್ಬನೇ ಬಸವಣ್ಣನಲ್ಲ. ನೊಗ ಹೊತ್ತು ಹೊಲ ಉತ್ತ ಕಿಲಾರಿ ಎತ್ತೂ ಬಸವಣ್ಣನೇ. ಖಿಲ್ಲಾರ ಎಂದರೆ ದನಗಳ ಹಿಂಡು, ಹಿಂಡು ಕಾಯುವವನು ಖಿಲ್ಲಾರಿ. ಆ ಹೆಸರೇ ತಳಿಗೂ ನಿಂತಿತು.

ಇದು ಮೈಸೂರು ಸೀಮೆಯ ಹಳ್ಳಿಕಾರ, ಅಮೃತಮಹಲ್ ದನಗಳಿಂದ ಬಂದದ್ದೆಂದು ಪಶುತಜ್ಞರ ಅಭಿಪ್ರಾಯ. ಚಿಕ್ಕದೇವರಾಜ ಒಡೆಯರ (1672–1704) ಕಾಲದ ಬೆಣ್ಣೆ ಚಾವಡಿಗೇ ಟಿಪ್ಪು ಸುಲ್ತಾನನು ಅಮೃತಮಹಲ್ ಎಂದು ಹೆಸರಿಟ್ಟನು. ಹಿಂದಕ್ಕೆ ಬಾಗಿ ಮೇಲೇರಿದ ಕೋಡು, ನೀಳವಾದ ಮೋರೆ ನೋಡಿದರೆ ನೆಂಟಸ್ತನ ತಾನೇ ತಿಳಿಯುತ್ತದೆ.

ಆದರೆ ಕಿಲಾರಿ ಎಲ್ಲ ಕಡೆ ಒಂದೇ ತರಹ ಇಲ್ಲ. ಆಟಪಾಡಿ, ಮ್ಹಸವಡ ಕಡೆಯದು ಬೂದು ಬಿಳುಪು. ತಾಪಿ ತೀರದ್ದು ಅಚ್ಚ ಬಿಳಿ, ಮೂಗು ಗೊರಸು ಗಜ್ಜರಿ ಬಣ್ಣ. ನಕಲಿ ಎಂಬ ಬಗೆಗೆ ಮುಂಭಾಗದಲ್ಲಿ ಇಟ್ಟಿಗೆ ಪುಡಿಯ ಛಾಯೆ. ಒಣ ಕಣಿಕೆ ತಿಂದು, ಕಲ್ಲುನೆಲ ತುಳಿದು, ಬಿಸಿಲಲ್ಲಿ ದುಡಿಯುವ ಗುಣ ಮಾತ್ರ ಎಲ್ಲಕ್ಕೂ ಉಂಟು. ಹಾಲು ಕಡಿಮೆ, ನಿಜ. ಹಿರಿಯರು ಇದನ್ನು ಸಾಕಿದ್ದು ಹಾಲಿಗಲ್ಲ, ಹೊಲಕ್ಕೆ.

ಈ ತಳಿ ಉಳಿದದ್ದು ಜಾತ್ರೆಗಳಿಂದ. ಸೋಲಾಪುರದ ಸಿದ್ಧರಾಮೇಶ್ವರನ ಗಡ್ಡಾ ಯಾತ್ರೆ, ಜತ್ತದ ಯಲ್ಲಮ್ಮನ ಜಾತ್ರೆ, ಖರಸುಂಡಿಯ ಸಿದ್ಧನಾಥನ ಜಾತ್ರೆ ಇವೆಲ್ಲ ದನದ ಪೇಟೆಗಳೂ ಹೌದು. ದೂರದೂರಿನ ಹೋರಿ ಕೊಂಡು ತರುತ್ತಿದ್ದರು, ಹೊಸ ರಕ್ತ ಬೆರೆಯುತ್ತಿತ್ತು. 1972ರ ಬರದಲ್ಲಿ ಮೇವಿಲ್ಲದೆ ದನ ಮಾರಿದವರೆಷ್ಟೋ ಜನ. ಬಳಿಕ ಜರ್ಸಿ ಬಂತು, ಟ್ರ್ಯಾಕ್ಟರ್ ಬಂತು. ನನ್ನ ಅಂಗಡಿಯಲ್ಲೂ ಮೂಗುದಾರ, ಗೆಜ್ಜೆಸರ ಕೇಳುವವರು ಕಡಿಮೆಯಾದರು.

2014ರಲ್ಲಿ ಸುಪ್ರೀಂ ಕೋರ್ಟು ಗಾಡಿ ಶರ್ಯತ್ತು ನಿಲ್ಲಿಸಿತು. 2021ರ ಡಿಸೆಂಬರಿನಲ್ಲಿ ಮಹಾರಾಷ್ಟ್ರಕ್ಕೆ ಮತ್ತೆ ಪರವಾನಗಿ ಕೊಟ್ಟು, 2023ರ ಮೇ ತಿಂಗಳಲ್ಲಿ ಕಾಯಿದೆಯನ್ನು ಎತ್ತಿಹಿಡಿಯಿತು. ಓಡುವ ಹೋರಿಗೆ ಬೆಲೆ ಬಂದದ್ದು ಸಂತೋಷವೇ. ಆದರೆ ಎಲ್ಲರೂ ಗೆದ್ದ ಒಂದೇ ಹೋರಿಯ ಬೀಜ ಬೇಡಿದರೆ ಅಣ್ಣ ತಂಗಿಯರೊಳಗೇ ಸಂತಾನ ಬೆಳೆದು ತಳಿ ಸೊರಗುತ್ತದೆ. ಓಟಕ್ಕೆ ಆರಿಸಿದ್ದು ನೇಗಿಲಿಗೂ ಒದಗುತ್ತದೆಂದು ನನಗೆ ಅನಿಸುವುದಿಲ್ಲ.

ಹಿಂದೆ ದೇವರಿಗೆ ಬಿಟ್ಟ ಹೋರಿ ಊರ ಆಕಳುಗಳಿಗೆಲ್ಲ ಆಗುತ್ತಿತ್ತು. ನಮ್ಮ ಗುಡಿಯಿಂದಲೂ ಅಂಥದೊಂದು ಬೀಜದ ಹೋರಿ ಸಾಕಬೇಕೆಂದು ನನ್ನ ವಿನಂತಿ. ಒಂದು ಮಾತು: ಅದರ ಹೆಣ್ಣುಗರುಗಳು ಬೆದೆಗೆ ಬರುವಷ್ಟರಲ್ಲಿ, ಅಂದರೆ ಮೂರು ವರ್ಷದೊಳಗೆ, ಬೇರೆ ಊರಿನ ಗುಡಿಯ ಹೋರಿಯೊಂದಿಗೆ ಅದಲುಬದಲು ಮಾಡಲೇಬೇಕು. ಕಣಿಕೆ ಕೊಡುವ ಭಕ್ತರು ಸುಗ್ಗಿಯಲ್ಲೇ ತಿಳಿಸಿದರೆ ಬಣವಿ ಒಟ್ಟಲು ಜಾಗ ಮಾಡಿಡುತ್ತೇವೆ.