ಹಿರಿಯಳ ಹೆಸರು ಬೈಗುಳವಾದ ಬಗೆ

ವಯಸ್ಸಾದ ಅವಿವಾಹಿತ ಹೆಣ್ಣನ್ನು ಹೀಯಾಳಿಸಲು ಕ್ಯಾಂಟನೀಸ್ ಭಾಷೆಯಲ್ಲಿ ‘ಲೋ ಗೂ ಪೋ’ ಎಂಬ ಮಾತಿದೆ. ದಕ್ಷಿಣ ಚೀನದ ಗುವಾಂಗ್‌ಡಾಂಗ್ ಪ್ರಾಂತದಲ್ಲಿಯೂ ಹಾಂಗ್‌ಕಾಂಗಿನಲ್ಲಿಯೂ ಇದು ಎಲ್ಲರಿಗೂ ಪರಿಚಿತ. ಆದರೆ ಬಿಡಿಸಿ ನೋಡಿದರೆ ಇದರಲ್ಲಿ ಬೈಗುಳವೇ ಇಲ್ಲ! ‘ಗೂ ಪೋ’ ಎಂದರೆ ತಾತನ ಒಡಹುಟ್ಟಿದವಳು. ‘ಲೋ’ ಎಂದರೆ ಹಿರಿಯ, ಹಳೆಯ. ಗುರುವನ್ನು ‘ಲೋ ಸೀ’ ಎನ್ನುವಾಗ ಅದೇ ‘ಲೋ’ ಗೌರವಸೂಚಕ. ಹಾಗಾದರೆ ಕಹಿ ಎಲ್ಲಿಂದ ಬಂತು?

ಮದುವೆಯಾದವಳು ಗಂಡನ ಮನೆ ಸೇರುತ್ತಾಳೆ. ತವರಿನಲ್ಲೇ ಉಳಿದವಳು ಅಣ್ಣತಮ್ಮಂದಿರ ಮೊಮ್ಮಕ್ಕಳಿಗೆ ‘ಗೂ ಪೋ’ ಆಗುತ್ತಾಳೆ. ಹೀಗೆ ಉಳಿಯುವುದನ್ನು ತಾವಾಗಿಯೇ ಆರಿಸಿಕೊಂಡ ಹೆಣ್ಣುಮಕ್ಕಳು ಪರ್ಲ್ ನದಿಯ ಮುಖಜಭೂಮಿಯಲ್ಲಿ, ವಿಶೇಷವಾಗಿ ಶುಂದೆ ಪ್ರದೇಶದಲ್ಲಿ ಇದ್ದರು. 1870ರ ದಶಕದಲ್ಲಿ ಚೆನ್ ಚಿಯುವಾನ್ ಎಂಬ ಉದ್ಯಮಿ ನೆರೆಯ ನಾನ್‌ಹಾಯ್‌ನಲ್ಲಿ ಉಗಿಯಂತ್ರದ ರೇಷ್ಮೆ ನೂಲು ಬಿಚ್ಚಾಣಿಕೆಯ ಕಾರ್ಖಾನೆ ತೆರೆದನು. ಇಂಥ ಕಾರ್ಖಾನೆಗಳು ಹೆಚ್ಚಿದಂತೆ ಹೆಣ್ಣುಮಕ್ಕಳ ಕೈಗೆ ಕೂಲಿ ಬಂತು. ಮದುವೆಯ ದಿನ ಮದುಮಗಳ ಜಡೆ ಬಿಚ್ಚಿ ತುರುಬು ಕಟ್ಟುವುದು ಅಲ್ಲಿನ ರೂಢಿ. ಈ ಹುಡುಗಿಯರು ದೇವರ ಮುಂದೆ ಪ್ರತಿಜ್ಞೆ ಮಾಡಿ, ಮದುವೆಯಿಲ್ಲದೆಯೇ ತುರುಬು ಕಟ್ಟಿಕೊಂಡರು. ‘ತಾವೇ ತಲೆ ಬಾಚಿಕೊಂಡವರು’ ಎಂದೇ ಅವರಿಗೆ ಹೆಸರು.

ಆದರೂ ಮಗಳಾದವಳು ತವರಿನಲ್ಲಿ ಸಾಯುವುದು ಅಶುಭವೆಂಬ ನಂಬಿಕೆಯಿತ್ತು. ಆಕೆಯ ಹೆಸರಿನ ಫಲಕಕ್ಕೆ ಪಿತೃಗಳ ಸಾಲಿನಲ್ಲಿ ಸ್ಥಳವಿರಲಿಲ್ಲ. ದುಡಿದು ತಮ್ಮಂದಿರನ್ನು ಸಾಕಿದವಳಿಗೂ ಇದೇ ಗತಿ! ಆದ್ದರಿಂದ ಅವರು ಹಣ ಕೂಡಿಸಿ ‘ಗೂ ಪೋ ಮನೆ’ಗಳನ್ನು ಕಟ್ಟಿಕೊಂಡರು. 1930ರ ದಶಕದಲ್ಲಿ ರೇಷ್ಮೆಯ ಬೆಲೆ ಕುಸಿದಾಗ ಅನೇಕರು ಹಾಂಗ್‌ಕಾಂಗ್, ಸಿಂಗಪುರಗಳಿಗೆ ಮನೆಗೆಲಸಕ್ಕೆ ಹೋದರು. ಸಿಂಗಪುರದಲ್ಲಿ ದುಡಿದವರ ಹಣದಿಂದ 1950ರ ಸುಮಾರಿಗೆ ಶುಂದೆಯ ಜುನ್‌ಆನ್‌ನಲ್ಲಿ ‘ಬಿಂಗ್‌ಯು ತಾಂಗ್’ ಎಂಬ ಆಶ್ರಯಗೃಹ ಎದ್ದಿತು.

ಸ್ವಂತ ದುಡಿಮೆಯಲ್ಲಿ ಬದುಕಿದವಳ ಹೆಸರು ಬೈಗುಳವಾದರೆ, ಗಂಡಸಿನ ಪಾಡೇನು? ಮದುವೆಯಾಗದ ಗಂಡಸನ್ನು ತಮಾಷೆಯಾಗಿ ‘ವಾಂಗ್ ಲೋ ಂಗ್’ ಎನ್ನುತ್ತಾರೆ. ಹಣವಂತನಾಗಿದ್ದರೆ ಅವನು ‘ವಜ್ರದ ವಾಂಗ್ ಲೋ ಂಗ್’, ಅಂದರೆ ಬಯಸತಕ್ಕ ವರ! ವಯಸ್ಸು ಅವನ ಬೆಲೆ ತಗ್ಗಿಸುವುದಿಲ್ಲ.

2007ರಲ್ಲಿ ಚೀನದ ಶಿಕ್ಷಣ ಸಚಿವಾಲಯವು ಪ್ರಕಟಿಸಿದ ಹೊಸ ಪದಗಳ ಪಟ್ಟಿಯಲ್ಲಿ ‘ಶೆಂಗ್ ನ್ಯೂ’ ಸೇರಿತು. ‘ಮಿಕ್ಕುಳಿದ ಹೆಣ್ಣು’ ಎಂದು ಅದರ ಅರ್ಥ. ಊಟವಾದ ಮೇಲೆ ಉಳಿದ ಅನ್ನಕ್ಕೂ ಅದೇ ಅಕ್ಷರ. 2012ರಲ್ಲಿ ಹಾಂಗ್‌ಕಾಂಗಿನ ಟಿ.ವಿ.ಬಿ. ವಾಹಿನಿಯು ವರನನ್ನು ಅರಸುವ ಮಹಿಳೆಯರ ಕುರಿತು ಕಾರ್ಯಕ್ರಮವೊಂದನ್ನು ಪ್ರಸಾರ ಮಾಡಿದಾಗ, ಹೆಸರಿನಲ್ಲಿ ಆ ಅಕ್ಷರವನ್ನು ಬಿಟ್ಟು, ‘ಸಮೃದ್ಧಿ’ ಎಂಬ ಅರ್ಥದ ಇನ್ನೊಂದು ಅಕ್ಷರವನ್ನು ಬರೆಯಿತು.